ಅಮಾಡೊ ಮಾವನ ನಡಿಗೆ

ಬೆಳಕು ಹರಿಯುವ ಹೊತ್ತಿಗೆ ಮೀನುಬಂದರಿನಲ್ಲಿ ಎಲಿಸಿಯೊ ಬಾಯಿ ತೆರೆದ. ಮಾತು ಹೊರಡಲಿಲ್ಲ. ಬಾಯಿ ಮುಚ್ಚಲೂ ಇಲ್ಲ.

ದಲ್ಲಾಳಿ ಮನಾಂಗ್ ಲುದಿಂಗಳ, ಎಂದರೆ ಲುದಿಂಗ್ ಅಕ್ಕನ, ಕಿವಿ ಅವನ ತುಟಿಯಿಂದ ಎರಡು ಬೆರಳು ದೂರದಲ್ಲಿ ಕಾಯುತ್ತಿತ್ತು. ಈ ಬಂದರಿನಲ್ಲಿ ಹರಾಜು ಕೂಗುವ ರೂಢಿಯಿಲ್ಲ. ಕೊಳ್ಳುವವರು ಬಂಗಡೆಯ ತೊಟ್ಟಿಯ ಸುತ್ತ ನಿಂತು, ಒಬ್ಬೊಬ್ಬರಾಗಿ ಬಗ್ಗಿ, ದಲ್ಲಾಳಿ ಹೆಂಗಸಿನ ಕಿವಿಯಲ್ಲಿ ತಮ್ಮ ತಮ್ಮ ಬೆಲೆಯನ್ನು ಒಂದೇ ಸಲ ಪಿಸುಗುಟ್ಟುತ್ತಾರೆ. ಹೆಚ್ಚು ಹೇಳಿದವನಿಗೆ ತೊಟ್ಟಿ. ಕಿವಿಮಾತು ಎಂದರೆ ಇಲ್ಲಿ ಬುದ್ಧಿವಾದವಲ್ಲ, ವ್ಯಾಪಾರ.

"ಹೇಳೋ ನೊನೊಯ್, ನನ್ ಕಿವೀನೇನು ಬಾಡಿಗೆಗೆ ತಗೊಂಡಿದೀಯಾ?"

ಅವನ ದವಡೆಯನ್ನು ಯಾರೋ ದಾರ ಕಟ್ಟಿ ಕೆಳಕ್ಕೆ ಎಳೆದು ಹಿಡಿದ ಹಾಗಿತ್ತು. ಕುತ್ತಿಗೆ ಮೆಲ್ಲಗೆ ಎಡಕ್ಕೆ ವಾಲಿತು. ಲುದಿಂಗ್ ತಿರುಗಿ ನೋಡಿದಳು. ಮರುಕ್ಷಣ ನಗುವಿಗೆ ಅವಳ ಹೊಟ್ಟೆ ಕುಲುಕಿತು.

"ನೋಡ್ರೋ ಇಲ್ಲಿ, ಬೆಳ್ಬೆಳಗ್ಗೇನೇ ಅಮಾಡೊನ ಅಣಕ ಶುರು ಹಚ್ಕೊಂಡ."

ತೊಟ್ಟಿಯ ಸುತ್ತ ನಗು ಎದ್ದಿತು. "ಕತ್ತು ಸಾಲ್ದು ಕಣೋ, ಇನ್ನೂ ಚೂರು ತಿರುಗ್ಬೇಕು," ಎಂದು ಯಾರೋ ತಿದ್ದಿದರು.

ಎಲಿಸಿಯೊ ಆ ನಗುವನ್ನೇ ಹಿಡಿದುಕೊಂಡ. ಬಲಗಾಲಿನ ಚಪ್ಪಲಿಯನ್ನು ಸರ್ ಸರ್ ಎಂದು ಎಳೆಯುತ್ತ ನಾಲ್ಕು ಹೆಜ್ಜೆ ಹಾಕಿದ, ತಿರುಗಿ ಬಂದ, ತಲೆ ಬಾಗಿಸಿ ಚಪ್ಪಾಳೆ ಸ್ವೀಕರಿಸಿದ. ಆ ಗಲಾಟೆಯಲ್ಲಿ ಗದ್ದಕ್ಕೆ ಬೆರಳು ಒತ್ತಿದ್ದನ್ನು ಯಾರೂ ಗಮನಿಸಲಿಲ್ಲ. ಬೆರಳು ತಾಗಿದ್ದೇ ತಡ, ಬಾಯಿ ಮುಚ್ಚಿತು. ಅಷ್ಟರಲ್ಲಿ ಬಂಗಡೆ ಬೇರೆಯವರ ಪಾಲಾಗಿತ್ತು.

ಮೂವತ್ತೆಂಟು ವರ್ಷದ ಎಲಿಸಿಯೊ ಬಂದರಿನ ನಗೆಗಾರ. ಪಾದ್ರಿಯ ಕೆಮ್ಮು, ಮೇಯರ್ ಮೂಗಿನಲ್ಲಾಡುವ ಭಾಷಣ, ಐಸ್ ಗಾಡಿಯ ಹಾರ್ನು, ಎಲ್ಲವೂ ಅವನ ಗಂಟಲಲ್ಲಿದ್ದವು. ಎಲ್ಲಕ್ಕಿಂತ ಹೆಸರಾಗಿದ್ದು ಮಾತ್ರ ಅವನ ಅಮ್ಮನ ತಮ್ಮ, ಅಮಾಡೊ ಮಾವ. ಮಾವನಿಗೆ ಲುಬಾಗ್ ಇತ್ತು. ಲುಬಾಗ್ ಅಂದರೆ ತಿರುಚು. ನರದ ಈ ಕಾಯಿಲೆ ಇವರ ಪನಾಯ್ ದ್ವೀಪದ ಗಂಡಸರನ್ನು ನಲವತ್ತರ ಆಸುಪಾಸಿನಲ್ಲಿ ಹುಡುಕಿಕೊಂಡು ಬಂದು, ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಹನ್ನೊಂದು ವರ್ಷದ ಎಲಿಸಿಯೊ ಮೊದಲ ಸಲ ಮಾವನ ಹಿಂದೆ ಮಾವನಂತೆಯೇ ನಡೆದಾಗ ಅಂಗಳ ನಕ್ಕಿತ್ತು. ಮಾವನೂ ತನ್ನಿಂದ ಆಗುವಷ್ಟು ನಕ್ಕಿದ್ದ.

ಮೂರು ತಿಂಗಳಿಂದ ಎಲಿಸಿಯೊ ಹಲ್ಲುಕಡ್ಡಿ ಕಚ್ಚಿಕೊಂಡೇ ತಿರುಗುತ್ತಿದ್ದ. ಅದು ಬಾಯಲ್ಲಿದ್ದರೆ ದವಡೆ ಹೇಳಿದ ಮಾತು ಕೇಳುತ್ತಿತ್ತು. ಜನ ಶೋಕಿ ಎಂದುಕೊಂಡರು. ಪಿಸುಗುಟ್ಟುವಾಗ ಮಾತ್ರ ಅದನ್ನು ತೆಗೆಯಲೇಬೇಕು. ಮನಾಂಗ್ ಲುದಿಂಗಳ ಕಿವಿಗೆ ಚುಚ್ಚಿದರೆ ಬಂದರಿನಿಂದಲೇ ಗಡೀಪಾರು.

ಅವತ್ತು ಬಿಸಿಲೇರುವ ಮೊದಲೇ ಅವನು ಆರೋಗ್ಯ ಕೇಂದ್ರಕ್ಕೆ ಹೋದ. ನರ್ಸ್ ತಿರ್ಸೊ ಒಬ್ಬನೇ ಕೂತಿದ್ದ.

"ನನ್ ಸ್ನೇಹಿತನೊಬ್ಬನಿಗೆ ದವಡೆ ಹಿಡ್ಕೊಳತ್ತೆ," ಎಂದ ಎಲಿಸಿಯೊ.

"ಆ ಸ್ನೇಹಿತ ಹಲ್ಲುಕಡ್ಡಿ ಕಚ್ಕೊಂಡು ಓಡಾಡ್ತಾರಾ, ಮನೊಂಗ್?" ಅಣ್ಣನನ್ನು ಕರೆಯುವ ಮರ್ಯಾದೆಯಲ್ಲೇ ತಿರ್ಸೊ ಕೇಳಿದ.

ಎಲಿಸಿಯೊ ಕಡ್ಡಿಯನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿದ. "ಎಲ್ರೂ ಕಚ್ಕೋತಾರಪ್ಪ."

ತಿರ್ಸೊ ನಗಲಿಲ್ಲ, ಕೆದಕಲೂ ಇಲ್ಲ. ಒಂದು ಹಾಳೆ ಎಳೆದುಕೊಂಡು ಸ್ನೇಹಿತನ ಮನೆತನ ಕೇಳಿದ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಮಾವನ ಚೌಕಕ್ಕೆ ಪೂರ್ತಿ ಮಸಿ ತುಂಬಿದ. ಸ್ನೇಹಿತನ ಚೌಕದ ಮೇಲೆ ಪೆನ್ನು ಸ್ವಲ್ಪ ಹೊತ್ತು ನಿಂತು, ಬದಿಯಲ್ಲೊಂದು ಪ್ರಶ್ನೆಚಿಹ್ನೆ ಹಾಕಿತು.

"ರಕ್ತ ಪರೀಕ್ಷೆ ಆಗ್ದೆ ಹೇಳೋ ಹಾಗಿಲ್ಲ. ಗುರುವಾರ ಡಾಕ್ಟರು ಬರ್ತಾರೆ. ಅದೇ ಅಂತಾದ್ರೂ ಮಾತ್ರೆ ಇದೆ, ದವಡೆಗೆ ಇಂಜೆಕ್ಷನ್ ಇದೆ. ವಾಸಿ ಆಗಲ್ಲ, ಆದ್ರೆ ಹಿಡಿತಕ್ಕೆ ಸಿಗತ್ತೆ. ಮಕ್ಕಳೆಷ್ಟು?"

"ಒಬ್ಳೇ ಮಗಳು. ದೇವ್ರ ದಯೆ, ಹೆಣ್ಣಾಯ್ತು, ತಪ್ಪಿಸ್ಕೊಂಡ್ಳು. ಗಂಡ್ಮಗ ಆಗಿದ್ರೆ ಇವ್ನಿಂದ ಅವ್ನಿಗೆ ಬರ್ತಿತ್ತು."

ಮಗಳು ಚೆರಿಲು ಹುಟ್ಟಿದ ದಿನ ಅವನ ಅಮ್ಮ ಇದೇ ಮಾತು ಹೇಳಿ ಇಗರ್ಜಿಯಲ್ಲಿ ಹನ್ನೆರಡು ಮೇಣದಬತ್ತಿ ಹಚ್ಚಿದ್ದಳು. ಆ ಕೇರಿಯಲ್ಲಿ ಹೆಣ್ಣು ಹುಟ್ಟಿದ ಮನೆಯವರೆಲ್ಲ ಹೀಗೇ ನೆಮ್ಮದಿಯ ಉಸಿರುಬಿಡುತ್ತಿದ್ದರು.

ತಿರ್ಸೊ ಪೆನ್ನು ಕೆಳಗಿಟ್ಟ. "ಅದು ಉಲ್ಟಾ, ಮನೊಂಗ್. ಅಪ್ಪನಿಂದ ಮಗನಿಗೆ ಬರಲ್ಲ. ಅಪ್ಪನಿಗಿದ್ರೆ ಮಗಳಿಗೆ ಬಂದೇ ಬರತ್ತೆ. ಅವ್ಳ ಮೈಯಲ್ಲಿ ಸಾಮಾನ್ಯವಾಗಿ ಕಾಣಲ್ಲ, ಹೊತ್ಕೊಂಡಿರ್ತಾಳೆ ಅಷ್ಟೆ. ಅವ್ಳ ಗಂಡ್ಮಕ್ಕಳಿಗೆ ಬರಬಹುದು, ಬರದೇನೂ ಇರಬಹುದು. ಇಬ್ಬರಲ್ಲಿ ಒಬ್ಬರಿಗೆ ಅನ್ನೋ ಲೆಕ್ಕ."

ಅವನು ಮಗಳ ವೃತ್ತದ ನಟ್ಟನಡುವೆ ಒಂದು ಚುಕ್ಕೆ ಇಟ್ಟ. ಇಡೀ ಹಾಳೆಯಲ್ಲಿ ಅದಕ್ಕಿಂತ ಚಿಕ್ಕ ಗುರುತು ಇರಲಿಲ್ಲ. ಎಲಿಸಿಯೊಗೆ ಕಂಡದ್ದು ಅದೊಂದೇ.

"ಸ್ನೇಹಿತ ಮಗಳಿಗೆ ಹೇಳ್ಬೇಕು," ಎಂದ ತಿರ್ಸೊ. "ಬೇರೆಯವ್ರ ಬಾಯಿಂದ ಕೇಳಿಸ್ಕೊಳ್ಳೋ ಮುಂಚೆ."

ಚೆರಿಲುಗೆ ಇಪ್ಪತ್ತು, ಐದು ತಿಂಗಳ ಗರ್ಭಿಣಿ. ಸೋಮವಾರ ಸ್ಕ್ಯಾನ್ ಆಗಿತ್ತು, ಗಂಡು ಮಗು. ಗಂಡ ಹಡಗಿನಲ್ಲಿದ್ದ, ತಾಯಿ ತೀರಿಕೊಂಡು ಆರು ವರ್ಷವಾಗಿತ್ತು. ಅಪ್ಪ ಬಾಗಿಲಿಗೆ ಬಂದಾಗ ಅವಳು ಕೆಳಗೆ ಕಾಲು ಚಾಚಿ ಕೂತು, ಹಸಿ ಮಾವಿನಕಾಯಿ ಹೋಳುಗಳನ್ನು ಸೀಗಡಿ ಗೊಜ್ಜಿಗೆ ಅದ್ದಿ ತಿನ್ನುತ್ತಿದ್ದಳು.

"ಬಂಗಡೆ ಎಲ್ಲಿ, ಟಾಯ್?" ಎಂದು ಅಪ್ಪನನ್ನು ಕೇಳಿದಳು.

"ಬೇರೆಯವ್ರು ಹೊಡ್ಕೊಂಡ್ರು. ಇಂದಾಯ್, ಮಗಳೇ, ನಿಂಗೊಂದು ವಿಷ್ಯ ಹೇಳ್ಬೇಕು." ಅವನು ಕಡ್ಡಿ ತೆಗೆದ. "ನನಗೆ ಲುಬಾಗ್..."

ಮುಂದಿನ ಅಕ್ಷರ ದವಡೆಯಲ್ಲೇ ಸಿಕ್ಕಿಕೊಂಡಿತು. ಕುತ್ತಿಗೆ ವಾಲಿತು.

ಚೆರಿಲು ಗೋಡೆಗೆ ಒರಗಿ ನಕ್ಕಳು. "ಬೇಡ ಟಾಯ್, ಅಮಾಡೊ ತಾತನ್ನ ಮಾಡ್ಬೇಡ. ನಕ್ಕು ನಕ್ಕು ಒಳಗಿರೋನು ಒದೀತಾನೆ."

ಅವನು ಗದ್ದಕ್ಕೆ ಬೆರಳೊತ್ತಿ ಬಾಯಿ ಮುಚ್ಚಿಕೊಂಡ. "ತಮಾಷೆ ಅಲ್ಲಮ್ಮ. ನರ್ಸ್ ತಿರ್ಸೊ ಹೇಳ್ದ..."

"ಹಾಂ, ಈಗ ತಿರ್ಸೊನಾ? ಅವ್ನ ಧ್ವನಿ ಇಷ್ಟು ದಪ್ಪ ಇಲ್ಲ, ಚೂರು ಕೀರಲು ಮಾಡು."

ಎಲಿಸಿಯೊ ಊರವರ ದನಿಯನ್ನೆಲ್ಲ ತಂದು ಈ ಮನೆಯಲ್ಲಿ ತುಂಬಿದ್ದ. ತನ್ನದು ಯಾವುದೆಂದು ಮಗಳಿಗೇ ಗುರುತು ಸಿಗದಂತಾಗಿತ್ತು. ನಕ್ಕುಬಿಡುವುದು ಸುಲಭವಿತ್ತು. ಗುರುವಾರದವರೆಗೆ, ಹೆರಿಗೆಯವರೆಗೆ, ಆ ಮಗುವಿಗೆ ನಲವತ್ತಾಗುವವರೆಗೆ ನಗುತ್ತಲೇ ಇರಬಹುದಿತ್ತು.

ಅವನು ಅವಳೆದುರು ನೆಲದ ಮೇಲೆ ಕೂತ. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ.

"ಈಗ ನಾನೇನೂ ಮಾಡಲ್ಲ. ಸುಮ್ನೆ ಕೂತಿರ್ತೀನಿ. ನೀನು ನೋಡ್ತಿರು."

"ಇದ್ಯಾರನ್ನ ಮಾಡ್ತಿರೋದು?"

"ಯಾರನ್ನೂ ಅಲ್ಲ."

ಅವಳು ಇನ್ನೊಂದು ಹೋಳು ಬಾಯಿಗಿಟ್ಟು, ನಗಲು ತಯಾರಾಗಿ ಕಾದಳು. ಹೊರಗೆ ಬಾಡಿಗೆ ಟ್ರೈಸಿಕಲ್ ಒಂದು ಹಾದುಹೋಯಿತು. ಮೊದಲು ಅವನ ಕೆಳತುಟಿ ಅದುರಿತು. ಆಮೇಲೆ ದವಡೆ, ತನಗೂ ಆ ಮುಖಕ್ಕೂ ಸಂಬಂಧವೇ ಇಲ್ಲವೆಂಬಂತೆ, ಇಷ್ಟಿಷ್ಟೇ ಕೆಳಗಿಳಿದು ನಿಂತಿತು. ನಾಲಿಗೆ ಹೊರಳಿತು. ಎಡ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತು. ಜೊಲ್ಲು ಗದ್ದಕ್ಕೆ ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ. ಕಣ್ಣು ಮಾತ್ರ ಅವನದೇ ಆಗಿತ್ತು. ಆ ಕಣ್ಣಿನಲ್ಲಿ ತುಂಟತನ ಇರಲಿಲ್ಲ.

ಚೆರಿಲು ಅಗಿಯುವುದನ್ನು ನಿಲ್ಲಿಸಿದಳು.

"ಸಾಕು ಟಾಯ್."

ಅದು ನಿಲ್ಲಲಿಲ್ಲ.

"ಸಾಕು ಅಂದ್ನಲ್ಲ." ಅವಳು ಮೊಣಕಾಲ ಮೇಲೆ ಮುಂದೆ ಸರಿದು, ಅಂಗಿಯ ತೋಳಿನಿಂದ ಅವನ ಗದ್ದ ಒರೆಸಿದಳು. ಆ ಸ್ಪರ್ಶಕ್ಕೆ ದವಡೆ ಮೇಲೇರಿ ಮುಚ್ಚಿಕೊಂಡಿತು.

"ಯಾವಾಗಿಂದ?"

"ಮೂರು ತಿಂಗ್ಳು." ಆಮೇಲೆ ಅವನು ಉಳಿದದ್ದನ್ನೂ ಹೇಳಿದ. ರಕ್ತ ಪರೀಕ್ಷೆ, ವೃತ್ತ, ಚುಕ್ಕೆ, ಇಬ್ಬರಲ್ಲಿ ಒಬ್ಬರು. ಯಾರ ದನಿಯನ್ನೂ ಎರವಲು ತೆಗೆದುಕೊಳ್ಳದೆ, ತೊದಲುತ್ತ, ನಡುನಡುವೆ ಗದ್ದ ಮುಟ್ಟಿಕೊಳ್ಳುತ್ತ ಹೇಳಿದ. ಅವಳು ಗೊಜ್ಜಿನ ಬಟ್ಟಲನ್ನೇ ನೋಡುತ್ತಿದ್ದಳು.

"ಅಜ್ಜಿ ಮೇಣದಬತ್ತಿ ಹಚ್ಚಿದ್ದೂ ದಂಡ ಹಾಗಾದ್ರೆ," ಎಂದಳು ಕೊನೆಗೆ.

"ಅವ್ಳಿಗೇನು ಗೊತ್ತಿತ್ತು, ಇಂದಾಯ್."

"ನಿಂಗೆ ಮೂರು ತಿಂಗ್ಳಿಂದ ಗೊತ್ತಿತ್ತಲ್ಲ."

ಅವಳು ಎದ್ದು ನೀರು ಕುಡಿದಳು. ಕಿಟಕಿಯ ಹತ್ತಿರ ಬೆನ್ನು ಹಾಕಿ ನಿಂತಳು.

"ಗುರುವಾರ ನಾನೂ ಬರ್ತೀನಿ," ಎಂದಳು. ಆಮೇಲೆ ಅವನ ಕಡೆ ತಿರುಗಿ, "ಅಮಾಡೊ ತಾತ ಅದು ಬರೋಕ್ಕೆ ಮುಂಚೆ ಹೇಗಿದ್ರು?"

"ದೋಣಿ ಕಟ್ತಿದ್ದ. ಒಳ್ಳೆ ಕೆಲಸಗಾರ."

"ಅದಲ್ಲ. ಹೇಗೆ ನಡೀತಿದ್ರು? ಮಾಡಿ ತೋರ್ಸು."

ಎಲಿಸಿಯೊ ಎದ್ದು ನಿಂತ. ಮಾವನ ಈ ನಡಿಗೆಯನ್ನು ತೋರಿಸೆಂದು ಯಾರೂ ಕೇಳಿರಲಿಲ್ಲ, ಅವನೂ ಮಾಡಿರಲಿಲ್ಲ. ಅದರಲ್ಲಿ ನಗಲು ಏನಿತ್ತು? ಕಣ್ಣು ಮುಚ್ಚಿ ಹುಡುಕಿದ. ಹೆಗಲ ಮೇಲೆ ಹಲಗೆ, ತೀರದ ಕೆಸರು, ದೊಡ್ಡ ದೊಡ್ಡ ಹೆಜ್ಜೆ. ಬಾಗಿಲಿನಿಂದ ಒಲೆಯವರೆಗೆ ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಪಾದ ಎತ್ತಿಟ್ಟು ನಡೆದ.

ತಿರುಗಿ ನೋಡಿದಾಗ ಚೆರಿಲು ಅವನ ಮುಖ ನೋಡುತ್ತಿರಲಿಲ್ಲ. ಅವಳ ಕಣ್ಣು, ಅಣಕದಲ್ಲಿ ಸದಾ ಎಳೆಯುತ್ತಿದ್ದ ಅವನ ಬಲಗಾಲಿನ ಮೇಲಿತ್ತು.

"ಇನ್ನೊಂದ್ಸಲ," ಎಂದಳು.