ಬೆಲ್ಲದ ಡಬ್ಬಿಯ ಬೀಗ

ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಮೇಲೆ ಗಂಡ ಹೆಂಡತಿಯನ್ನು ಬೆಲ್ಲದ ಕಳ್ಳಿ ಅಂದರೆ ಹೇಗಿರುತ್ತದೆ, ನೀವೇ ಹೇಳಿ! ಮಸ್ಕಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಒಂದೇ ವರ್ಷದಲ್ಲಿ ನನ್ನ ನಾಲ್ಕು ಹಲ್ಲು ಹುಳುಕು ಹಿಡಿದವು. ನಮ್ಮ ಯಜಮಾನರು ಕರಿಬಸಪ್ಪ ಅದನ್ನೇ ಸಾಕ್ಷಿ ಮಾಡಿಕೊಂಡು ಬೆಲ್ಲದ ಡಬ್ಬಿಗೆ ಬೀಗ ಜಡಿದರು. ಗಿರಾಕಿಗಳು ಕೇಳಿದರೆ, "ಎರಡು ಕಾಲಿನ ಇಲಿ ಸೇರ್ಕೊಂಡದ್ರೀ," ಎಂದು ನನ್ನತ್ತ ನೋಡಿ ನಗುವರು. ಪಕ್ಕದ ಮನೆಯ ಗಿರಿಯಮ್ಮನಂತೂ ಬಿದ್ದು ಬಿದ್ದು ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ದೇವರಾಣೆ, ಒಂದು ಚೂರೂ ಮುಟ್ಟಿರಲಿಲ್ಲ. ನಂಬುವವರು ಯಾರು?

ನೋವು ತಡೆಯಲಾರದೆ ಕೊನೆಗೆ ಅವರನ್ನೂ ಎಳೆದುಕೊಂಡು ಲಿಂಗಸುಗೂರಿನ ಹಲ್ಲಿನ ಡಾಕ್ಟರು ಮಹೆಕ್ ಅವರಲ್ಲಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಇವರು, "ಕದ್ದು ಬೆಲ್ಲ ತಿಂತಾಳ್ರೀ," ಎಂದುಬಿಟ್ಟರು.

ಡಾಕ್ಟರಮ್ಮ ಪುಟ್ಟ ಕನ್ನಡಿಯನ್ನು ನನ್ನ ಕೆನ್ನೆಯ ಒಳಗಿಟ್ಟು ಎಳೆದರು. ಅದು ಅಂಟಿಕೊಂಡುಬಿಟ್ಟಿತು.

"ಬಾಯಿ ಪೂರಾ ಒಣಗ್ಯದ. ಶೇಖರಮ್ಮ, ದಿನಾ ಯಾವ ಗುಳಿಗಿ ತಗೊಂತೀರಿ?"

"ಸೀನಿಂದು. ಒಣಮೆಣಸಿನಕಾಯಿ ತೊಟ್ಟು ಬಿಡಿಸೋ ಕೆಲಸ ನಂದೇ ನೋಡ್ರೀ. ಒಂದೂವರೆ ವರ್ಷಾತು, ಇವರೇ ಮೆಡಿಕಲ್‌ನಿಂದ ತಂದು ಕೊಡ್ತಾರ."

ಡಾಕ್ಟರಮ್ಮ ಇವರತ್ತ ತಿರುಗಿದರು. "ಆ ಗುಳಿಗಿ ಜೊಲ್ಲು ಒಣಗಸ್ತದ. ಸಕ್ಕರಿ ಚಹಾ ಇಬ್ರೂ ಕುಡೀತೀರಲ್ಲ? ಹಲ್ಲಿಗೆ ಅಂಟಿದ ಸೂಕ್ಷ್ಮಾಣು ಆ ಸಕ್ಕರಿನ ಹುಳಿ ಮಾಡ್ತಾವ, ಆ ಹುಳಿ ಹಲ್ಲು ಕೊರೀತದ. ನಿಮ್ಮ ಬಾಯಾಗ ಜೊಲ್ಲು ಆ ಹುಳಿ ತೊಳೀತದ, ಸವೆದಲ್ಲಿ ಸುಣ್ಣದಂಶ ತುಂಬ್ತದ. ಇವರ ಬಾಯಾಗ ಕಾಯೋರೇ ಇಲ್ಲ. ಬೆಲ್ಲ ಯಾಕ ಬೇಕ್ರೀ, ದಿನದ ಚಹಾನೇ ಸಾಕು!"

ಆಗ ಇವರ ಮುಖ ನೋಡಬೇಕಿತ್ತು! ನನಗೆ ಹಲ್ಲುನೋವೇ ಮರೆತುಹೋಯಿತು.

ಡಾಕ್ಟರಮ್ಮ ಹುಳುಕು ಕೆರೆದು ತುಂಬಿದರು, ಗುಳಿಗೆ ಬದಲಿಸಲು ಬೇರೆ ಡಾಕ್ಟರಿಗೆ ಚೀಟಿ ಬರೆದರು. ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯತ್ತ ಮುಖ ತಿರುಗಿಸಿ ಕೂತರು. ನಾನು ಬಿಡುತ್ತೇನೆಯೇ? "ಕಳ್ಳಿ ಅಂದಿದ್ದು ಅಂಗಡಿಯಾಗ. ತಪ್ಪಾತು ಅನ್ನೋದೂ ಅಲ್ಲೇ," ಎಂದೆ.

ಸಂಜೆ ಅಂಗಡಿ ತುಂಬ ಗಿರಾಕಿಗಳು. ಇವರು ಬೀಗ ತೆಗೆದು, ಗಂಟಲು ಸರಿಮಾಡಿಕೊಂಡು, "ಇಲಿ ಗಿಲಿ ಏನಿಲ್ರೀ. ಆಕಿ ಹಲ್ಲು ಕೆಡಿಸಿದ್ದು ನಾ ತಂದ ಗುಳಿಗಿ. ತಪ್ಪು ನಂದು," ಎಂದರು. ಗಿರಿಯಮ್ಮ ಬಾಯಿಗೆ ಸೆರಗು ಹಿಡಿದು ನಿಂತಳು. ಇವರು ದೊಡ್ಡ ಬೆಲ್ಲದ ಚೂರೊಂದನ್ನು ನನ್ನತ್ತ ಚಾಚಿದರು.

"ಒಲ್ಲೆ," ಎಂದು ಮೆಣಸಿನಕಾಯಿಯ ಚೀಲವನ್ನು ಅವರ ಮುಂದೆ ಎಳೆದು ಹಾಕಿದೆ. "ಇವತ್ತಿನಿಂದ ಇದು ನಿಮ್ಮ ಕೆಲಸ."

ಒಂದು ಹಿಡಿ ತೊಟ್ಟು ಬಿಡಿಸುವಷ್ಟರಲ್ಲೇ ಆರು ಸಲ ಸೀನಿದರು. ನಾನು ಗಲ್ಲಾ ಪೆಟ್ಟಿಗೆಯ ಹಿಂದೆ ಆರಾಮಾಗಿ ಕೂತು ಕೇಳಿದೆ: "ಗುಳಿಗಿ ತರಸ್ಲೇನ್ರೀ?"