ಕೈಗಡದ ನೀರು

ಹಳದಿ, ಭರಣಿಯ ತಳದಲ್ಲಿ ಏನೋ ಹಳದಿ, ಕಿರುಬೆರಳಿನ ಉಗುರಿನಷ್ಟು, ಕಿಟಕಿಯ ಬಿಸಿಲು ಓರೆಯಾಗಿ ನೀರಿಗಿಳಿದದ್ದಕ್ಕೆ ಕಂಡಿತು, ಮೋಡವಿದ್ದಿದ್ದರೆ ಕಾಣುತ್ತಲೇ ಇರಲಿಲ್ಲ, ಮಳೆ ನೀರಿನಲ್ಲಿ ಹಳದಿ ಯಾಕಿರಬೇಕು, ತಾನೇ ನಾಲ್ಕು ಗಳ ನೆಟ್ಟು ಬಿಳಿ ಮಾದರಪಾಟ ಬಟ್ಟೆ ಬಿಗಿದು, ಮೊದಲ ಮೂರು ಮಳೆ ನೆಲಕ್ಕೆ ಬಿಟ್ಟು, ನಾಲ್ಕನೆಯದರಿಂದ ಹಿಡಿದ ನೀರು, ಎರಡು ಸಲ ಸೋಸಿದ್ದು — ದಸ್ತಗೀರಸಾಬ ಗಾಜಿನ ಲೋಟ ಅದ್ದಿ ತೆಗೆದು, ಹತ್ತೊಂಬತ್ತು ವರ್ಷದ ರೂಢಿಯಂತೆ ಒಂದು ಹನಿ ನಾಲಿಗೆಗೆ ಮುಟ್ಟಿಸಿದ. ಉಪ್ಪು. ಇರಲಾರದು, ನಿನ್ನೆ ಈದ್ ಹಬ್ಬದ ಊಟದ ಉಪ್ಪು ಬಾಯಲ್ಲೇ ಉಳಿದಿದ್ದೀತು, ಉಗುಳಿದ, ಇನ್ನೊಂದು ಹನಿ. ಸವಳು. ಹಿತ್ತಲ ಬಾವಿಯ ಸವಳು, ಹುಬ್ಬಳ್ಳಿಯ ಈ ಮಗ್ಗುಲಿನ ಯಾವ ಬಾವಿಗೆ ಹಗ್ಗ ಬಿಟ್ಟರೂ ಬರುವ ಸವಳು, ಸಾಬೂನು ನೊರೆ ಬಿಡದ, ಬೇಳೆ ಬೇಯದ ನೀರು. ಇನ್ನು ಕೆಡುವುದೇನಿದೆ ಇದರಲ್ಲಿ ಅಂತ ಅಂಗಿ ತೋಳು ಮೇಲೇರಿಸಿ ಹೆಗಲವರೆಗೆ ಕೈ ಇಳಿಸಿದ, ಈ ನೀರಿಗೆ ಎಂದೂ ಬೆರಳು ತಾಗಿಸದವ — ಮೇಲೆ ಬಂದ ಅಂಗೈಯಲ್ಲಿ ಒಂದು ಕಡಲೆಬೇಳೆ, ನೆನೆದು ಉಬ್ಬಿದ್ದು, ಒಂದೇ ಒಂದು.

ಯಾರು, ಯಾವ ನಾಲಾಯಕ ಇದಕ್ಕೆ ಬಾವಿ ನೀರು ಸುರಿದದ್ದು, ಸಿಕ್ಕರೆ ಅವನನ್ನು — ತೋಬಾ ತೋಬಾ, ನಿನ್ನೆ ತಾನೆ ನಮಾಜು ಮುಗಿಸಿ ಎಲ್ಲರನ್ನೂ ಅಪ್ಪಿಕೊಂಡು ಬಂದವ, ಆದರೂ ಸಿಟ್ಟು ಹೊಟ್ಟೆಯಿಂದೆದ್ದು ಕಿವಿಯಲ್ಲಿ ಕೂತಿದೆ, ಎಂಜಿನ್ನು ನಿಂತಿದ್ದರೂ ಎಂಜಿನ್ನಿನ ಸದ್ದು. ಎದುರಿಗೆ ಕಟ್ಟಿಗೆಯ ಕಟ್ಟೆಯ ಮೇಲೆ ಎರಡು ಸಾಲು, ಐವತ್ತೈದು ಗಾಜಿನ ಡಬ್ಬಿಗಳು, ಒಂದೊಂದರಲ್ಲೂ ತೇಜಾಬು, ಬಟ್ಟೆ ಸುಡುವ ಆಮ್ಲ, ತೇಜಾಬಿನಲ್ಲಿ ಮುಳುಗಿದ ಸೀಸದ ಹಲಗೆಗಳು. ಮುರಿಗೆವ್ವನವರ, ಹತ್ತಿಯ ಬೀಜ ಬಿಡಿಸುವ ಜಿನ್ನಿಗೂ ಅದೇ ಕಂಪೌಂಡಿನ ಅವರ ವಾಡೆಗೂ ದೀಪ ಕೊಡುವ ಬ್ಯಾಟರಿ ಇದು, ಹಂಗಾಮು ಇರಲಿ ಬಿಡಲಿ ವಾರಕ್ಕೆರಡು ಸಲ ಎಂಜಿನ್ನು ಹಚ್ಚಿ ಇದರ ಹೊಟ್ಟೆ ತುಂಬಿಸಬೇಕು, ತೇಜಾಬು ಆರುವುದಿಲ್ಲ, ನೀರು ಮಾತ್ರ ಆರುತ್ತದೆ, ಆರಿದಷ್ಟನ್ನು ದಿನಾ ಮುಂಜಾನೆ ತುಂಬಬೇಕು, ಮಳೆ ನೀರನ್ನೇ ತುಂಬಬೇಕು, ಬಾವಿ ನೀರಿನ ಉಪ್ಪು ಸೀಸವನ್ನು ತಿಂದುಬಿಡುತ್ತದೆ. ತಿಂದಿತು. ಇಪ್ಪತ್ತೆರಡು ಡಬ್ಬಿಗಳ ಹಲಗೆ ಹಕ್ಕಳೆದ್ದು ಉದುರಿ ತಳದಲ್ಲಿ ಕಂದು ಕೆಸರಾಗಿ ಬಿದ್ದಿವೆ, ಲಡಾಯಿ ಮೊನ್ನೆ ತಾನೆ ಮುಗಿದಿದೆ, ಹೊಸ ಹಲಗೆ ಹಡಗಿನಲ್ಲಿ ಬರಲು ವರ್ಷವೇ ಬೇಕಂತೆ. ಹಾಗಂದವನು ಮುಂಬಯಿಯಿಂದ ಬಂದ ಬ್ಯಾಟರಿ ಸಾಹೇಬ, ಹೋದ ಬುಧವಾರ, ಬೂಟಿನಲ್ಲೇ ಒಳಗೆ ಬಂದ, ಒಂದು ಸಣ್ಣ ಗಾಜಿನ ನಳಿಗೆಯಲ್ಲಿ ಡಬ್ಬಿಯ ತೇಜಾಬು ಹಿಡಿದು ಅದಕ್ಕೆ ಔಷಧಿಯ ಒಂದು ಹನಿ ಬಿಟ್ಟ, ಹಾಲು ಒಡೆದ ಹಾಗೆ ಬೆಳ್ಳಗಾಯಿತು, ಉಪ್ಪು ಅಂದ. ಮಳೆ ನೀರಿನ ಭರಣಿಗಳ ಸಾಲಿನಲ್ಲಿ ಕಿಟಕಿಯ ಕಡೆಗಿದ್ದ ಮೊದಲ ಭರಣಿಯ ನೀರಿಗೂ ಒಂದು ಹನಿ ಬಿಟ್ಟ, ತಿಳಿಯಾಗಿಯೇ ಉಳಿಯಿತು, ಸಾಹೇಬ ಇಂಗ್ಲಿಷಿನಲ್ಲಿ ಏನೋ ಅಂದ, ಮ್ಯಾನೇಜರ್ ಶಾಂತಯ್ಯ ಹಲ್ಲು ಬಿಟ್ಟು ಅದನ್ನು ಕನ್ನಡಕ್ಕೆ ತಂದ, ನೀರು ಛಲೋ ಐತಂತ, ಹಾಕಿದ ಕೈ ಛಲೋ ಇಲ್ಲಂತ. ದಿನಾ ಬಳಸುತ್ತಿದ್ದದ್ದು ಬಾಗಿಲ ಹತ್ತಿರದ ಈ ಭರಣಿ, ಇದನ್ನು ಯಾರೂ ನೋಡಲಿಲ್ಲ, ತಾನೂ ತೋರಿಸಲಿಲ್ಲ, ಎಲ್ಲ ಒಂದೇ ನೀರು ಅಂತ ತಿಳಿದಿದ್ದ, ಕತ್ತೆ, ಹತ್ತೊಂಬತ್ತು ವರ್ಷದ ಕತ್ತೆ.

ತಿಂಗಳೆಲ್ಲಾ ರೋಜಾ ರೋಜಾ ಅಂತ ನಿದ್ದಿ ಹೊಡದಿ, ಗಡಾನ ಆಗ್ಲೆಂತ ಬಾವಿ ನೀರು ಸುರುವಿದಿ, ಈಗ ಮಳಿ ನೀರಂತ ನಮಗ ಹೇಳ್ತಿ ಏನು, ಅಂದ ಶಾಂತಯ್ಯ, ಎಲ್ಲರ ಮುಂದೆ, ಕೂಲಿ ಹೆಣ್ಣುಮಕ್ಕಳ ಮುಂದೆ. ನಿದ್ದೆ! ಉಪವಾಸದ ಹೊಟ್ಟೆಯಲ್ಲಿ ತೇಜಾಬಿನ ಘಾಟು ಕುಡಿಯುತ್ತ ನಿಂತವನಿಗೆ ನಿದ್ದೆ! ಆಗಲೇ ತಾನು ಬಾಯಿ ಬಿಟ್ಟದ್ದು, ಹಿಡಿದ ರೋಜಾದ ಮ್ಯಾಲಿ ಆಣಿ, ಮಳಿ ನೀರು ಬಿಟ್ಟು ಒಂದು ಹನಿ ಬ್ಯಾರೆ ನೀರು ನನ್ನ ಕೈಯಾಗಿಂದ ಬಿದ್ದಿಲ್ಲ. ಮುರಿಗೆವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೇಳಿಸಿಕೊಂಡಿದ್ದರು, ಗಂಡ ಹೋದ ಮೇಲೆ ಜಿನ್ನನ್ನು ಒಂಟಿಯಾಗಿ ನಡೆಸಿದ ಹೆಂಗಸು, ಮಾತು ಕಡಿಮೆ, ಹೋಗು, ಹಬ್ಬಾ ಮಾಡ್ಕೊಂಡು ಬಾ, ಹಬ್ಬದ ಮರುದಿನ ನನ್ನ ಮುಂದ ನಿಂತು ಇದ ಆಣಿ ಇನ್ನೊಮ್ಮಿ ಮಾಡು, ಮಾಡಿದ್ಯಂದ್ರ ನಾ ನಿನ್ನ ನಂಬತೇನಿ, ಆ ಸಾಹೇಬನ್ನ ಅಲ್ಲ, ಮಾಡಲಿಲ್ಲಂದ್ರ ಕೀಲಿ ಇಟ್ಟು ನಾವು ಕೊಟ್ಟ ಮನಿ ಬಿಡು, ಅಂದಿದ್ದರು. ಆ ಮರುದಿನವೇ ಇಂದು. ಇನ್ನರ್ಧ ತಾಸಿಗೆ ಕರೆ ಬರುತ್ತದೆ. ಮುಂಜಾನೆ ಮನೆ ಬಿಡುವಾಗ ಎದೆ ಎಷ್ಟು ಹಗುರಾಗಿತ್ತು, ಹೆಂಡತಿ ರೆಹಮತ್‌ಬಿ ತೇಜಾಬಿನ ತೂತುಗಳಿಗೆ ತೇಪೆ ಹಾಕಿದ ಅಂಗಿ ಕೊಟ್ಟು, ಖರೇ ಇದ್ದಾವರಿಗೆ ಯಾಕ ಅಂಜಿಕಿ ರೀ, ಅಂದಿದ್ದಳು, ಹೌದಲ್ಲ ಅಂತ ನಗುತ್ತ ಬಂದಿದ್ದ. ಈಗ ಮುಷ್ಟಿಯಲ್ಲಿ ಬೇಳೆ. ಅಂದರೆ ಆ ಆಣೆ ಸುಳ್ಳು. ಅಂದರೆ ರೋಜಾ ಹಿಡಿದ ಬಾಯಿಂದಲೇ ಸುಳ್ಳು ಆಣೆ, ದೇವರೇ, ಯಾರು ಮಾಡಿಸಿದರು ಈ ಸುಳ್ಳನ್ನು ನನ್ನಿಂದ.

ಯಾರೂ ಅಲ್ಲ, ನಾಲಿಗೆ, ಈ ನಾಲಿಗೆ. ಉಳಿದ ಹನ್ನೊಂದು ತಿಂಗಳು ದಿನಾ ಮುಂಜಾನೆ ಒಂದು ಹನಿ ರುಚಿ ನೋಡದೆ ನೀರು ತುಂಬಿದವನಲ್ಲ, ರಮಜಾನಿನಲ್ಲಿ ಮಾತ್ರ ಒಂದು ಹನಿಯೂ ನಾಲಿಗೆಗೆ ತಾಗಬಾರದು, ಯಾವ ವರ್ಷವೂ ಇದರಿಂದ ಏನೂ ಆಗಿರಲಿಲ್ಲ, ಮಳೆ ನೀರಿಗೆ ಏನಾದೀತು ಅಂದುಕೊಂಡ, ನಂಬಿದ. ಈ ವರ್ಷ ಶ್ರಾವಣ, ರಮಜಾನ ಎರಡೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಹುಟ್ಟಿದವು, ಒಟ್ಟಿಗೇ ಮುಗಿದವು, ಇತ್ತ ತನ್ನ ಉಪವಾಸ, ಅತ್ತ ವಾಡೆಯಲ್ಲಿ ಪ್ರತಿ ಸೋಮವಾರ ಜಂಗಮ ಅಯ್ಯಗಳಿಗೆ ಹೋಳಿಗೆ ಊಟ. ಮೂಗು ಹೇಳಿತ್ತು, ಎಂಜಿನ್ನು ಹಚ್ಚಿದಾಗ ಡಬ್ಬಿಗಳಿಂದ ಬೇರೆ ಘಾಟು ಬರುತ್ತಿತ್ತು, ಕಣ್ಣು ಉರಿಯುವಂಥದ್ದು, ಹಸಿದ ಹೊಟ್ಟೆಗೆ ಹಾಗೆ ಅನಿಸುತ್ತದೆ ಅಂತ ಮೂಗಿನ ಬಾಯಿ ತಾನೇ ಮುಚ್ಚಿಸಿದ. ಹೋಳಿಗೆ — ತಡೆ, ಹೋಳಿಗೆಗೆ ಕಡಲೆಬೇಳೆ — ಮುಷ್ಟಿ ಬಿಚ್ಚಿ ನೋಡಿದ, ಬೇಳೆ ಮೆತ್ತಗೆ ಮಿಂಚುತ್ತಿದೆ, ಸಿಟ್ಟಿಗೆ ಈಗ ಒಂದು ಮುಖ ಸಿಕ್ಕಿತು, ಹಣೆ ಬರಿದಾದ ಮುಖ, ಹೊಗೆಗೆ ಸದಾ ಕೆಂಪಾದ ಕಣ್ಣು. ಶೇವಂತೆವ್ವ. ವಾಡೆಯ ಅಡುಗೆಯವಳು.

ಮೊದಲ ಸೋಮವಾರ ಅವಳು ಈ ಬಾಗಿಲಲ್ಲೇ ನಿಂತಿದ್ದಳು, ಕೊಡ ಕಂಕುಳಲ್ಲಿ, ದಸ್ತಗೀರಣ್ಣಾ, ಮೂರು ತಾಸಾತ್ರಿ ಬ್ಯಾಳಿ ಬೇಯವಲ್ದು, ಐದು ಮಂದಿ ಅಯ್ಯಗೋಳು ಬಂದು ಕುಂತಾರ, ಅವ್ವಾರು ಇವತ್ತ ನನ್ನ ಹೊರಗ ಹಾಕ್ತಾರ, ಒಂದ ಕೊಡಾ ಮಳಿ ನೀರು ಕೈಗಡಾ ಕೊಡ್ರಿ, ತಿರುಗಿ ಕೊಡ್ತೇನಿ. ಇದು ಬ್ಯಾಟರಿ ನೀರು ಕೊಡಾಕ ಬರೂದಿಲ್ಲ ಅಂತ ಹೇಳಬೇಕಿತ್ತು, ಮುಗದ ಎಂಬ ಹಳ್ಳಿಯಿಂದ ಒಂದು ಗಂಟು ಹೊತ್ತು ಬಂದ ವಿಧವೆ, ಹಿಂದಿನ ಅಡುಗೆಯವಳನ್ನು ಪಾತ್ರೆ ಅದಲುಬದಲಾದದ್ದಕ್ಕೇ ಸಂಜೆಯೊಳಗೆ ಗೇಟಿನಾಚೆ ನಿಲ್ಲಿಸಿದ ಮನೆ ಅದು — ಕೊಟ್ಟುಬಿಟ್ಟ. ತನ್ನ ಕೈಯಾರೆ ಒಂದು ಕೊಡ. ಕೊಡುವಾಗ ಒಂದು ನಗೆಯೂ ಬಂದಿತ್ತು, ಈಗ ನೆನಪಾಗಿ ಮೈ ಉರಿಯುತ್ತದೆ, ನನಗೆ ಕುಡಿಯುವ ನೀರನ್ನು ಮೇಲಿನಿಂದ ಬೊಗಸೆಗೆ ಹುಯ್ಯುವ ಮನೆ, ನಾನು ಹಿಡಿದ ನೀರಿನಲ್ಲಿ ಅಯ್ಯಗಳ ಬೇಳೆ ಬೇಯುತ್ತದಲ್ಲ ಅಂತ ಒಳಗೊಳಗೇ ಹಿಗ್ಗಿದ್ದ. ಕೀಲಿ ಬಾಗಿಲ ಮೇಲಿನ ಗೂಡಿನಲ್ಲಿ ಇಡುವುದನ್ನು ಅವಳು ನೋಡಿದಳು, ನೋಡಲಿ ಬಿಡು ಅಂದುಕೊಂಡ. ಸಂಜೆ ಬಾಳೆಲೆಯಲ್ಲಿ ಸುತ್ತಿ ಎರಡು ಹೋಳಿಗೆ ತಂದು ಕಟ್ಟೆಯ ಮೇಲಿಟ್ಟು ಹೋದಳು, ರೋಜಾ ಬಿಡಾಕ ಆಗ್ತಾವು ಅಂತ, ಖರ್ಜೂರದ ಬೆನ್ನಿಗೆ ಅದನ್ನೇ ಮುರಿದು ಬಾಯಿಗಿಟ್ಟ, ಹೂರಣ ಬೆಣ್ಣೆ, ಬೆಣ್ಣೆ ಆಗೇತಿ ನೋಡು ಅಂತ ರೆಹಮತ್‌ಬಿಗೂ ತಿನ್ನಿಸಿದ. ಎರಡನೆಯ ಸೋಮವಾರವೂ ಹೋಳಿಗೆ ಬಂತು. ಮೂರನೆಯದೂ. ನಾಲ್ಕನೆಯದೂ. ನೀರು ಕೇಳಲು ಅವಳು ಮತ್ತೆ ಬರಲಿಲ್ಲವಲ್ಲ, ಬೇಳೆ ಹೇಗೆ ಬೇಯುತ್ತಿದೆ ಅಂತ ಕೇಳಿದನೇ ಇವನು? ಇಲ್ಲ, ತಿಂದ. ನಾಲ್ಕು ವಾರ ನಾಲಿಗೆ ಚಪ್ಪರಿಸಿ ತಿಂದ, ತನ್ನ ಬ್ಯಾಟರಿಯನ್ನು ತಾನೇ ತಿಂದ.

ಹೊರಗೆ ಬಂದದ್ದು ಯಾವಾಗ, ಚಪ್ಪಲಿ ಕೂಡ ಮೆಟ್ಟಿಲ್ಲ, ಬಾವಿಯ ಕಟ್ಟೆ, ಗಡಗಡೆಯ ಕಿರಗುಟ್ಟುವ ಸದ್ದು, ಶೇವಂತೆವ್ವ ಹಗ್ಗ ಎಳೆಯುತ್ತಿದ್ದಳು. ಬೇಳೆಯನ್ನು ಅವಳ ಮುಖದೆದುರು ಹಿಡಿದ, ಇದೇನು, ಇದೇನು ಹೇಳು. ಅವಳು ನೋಡಿದಳು, ಹೆದರಲಿಲ್ಲ, ಹೆದರಿದ್ದರೆ ಚೆನ್ನಾಗಿತ್ತು, ಅಯ್ಯ, ಬ್ಯಾಳಿ ತೊಳದ ಬೋಗುಣಿಗೆ ಹತ್ತಿಕೊಂಡು ಬಂದಿರಬೇಕ್ರಿ, ಮೊನ್ನಿ ಅಮಾಸಿ ದಿವಸ ಗಡಿಬಿಡಿ ಆಗಿತ್ತು. ಎಷ್ಟು ಸಲ, ಎಷ್ಟು ಸಲ ತಗೊಂಡಿ? ಸ್ವಾಮಾರಕ್ಕೊಮ್ಮಿ, ಮತ್ತ ಈ ಅಮಾಸಿಗೊಮ್ಮಿ ರಿ, ನಿಮ್ಮನ್ನ ದಿನಾ ಏನ ಕೇಳೂದಂತ ನಾನ ತಗೊಂಡೆ, ಖರೆ ನಾ ಯಾರ ಕೈಗಡಾನೂ ಇಟ್ಕೊಂಡಾಕಿ ಅಲ್ಲರಿ ಅಣ್ಣಾ, ತಗೊಂಡ ದಿವಸಾನ ತುಂಬಿ ಇಟ್ಟೇನಿ, ತಗೊಂಡಷ್ಟ ಅಲ್ಲ, ಮ್ಯಾಲೊಂದು ಚರಗಿ ಜಾಸ್ತೀನ ಹಾಕೇನಿ. ಅವಳ ಕಣ್ಣಿನಲ್ಲಿ ಹೆಮ್ಮೆ. ಸೇರು ಹಿಟ್ಟು ಕೈಗಡ ಒಯ್ದವಳು ಗೋಪುರದ ಹಾಗೆ ಸೇರು ತುಂಬಿ ತಿರುಗಿ ತಂದುಕೊಡುವಾಗಿನ ಹೆಮ್ಮೆ, ಅವನ ತಾಯಿಯೂ ಹಾಗೇ ತಂದುಕೊಡುತ್ತಿದ್ದಳು, ರೆಹಮತ್‌ಬಿಯೂ ಹಾಗೇ ಕೊಡುತ್ತಾಳೆ, ಕೊಡದವರನ್ನು ಈ ಊರು ಬಾಗಿಲಿಗೆ ಸೇರಿಸುವುದಿಲ್ಲ. ನೀರಿಗೆ ನೀರು ಕೊಟ್ಟಿದ್ದಾಳೆ. ಮೇಲೊಂದು ಚರಿಗೆ. ಆ ಮೇಲಿನ ಚರಿಗೆಯೂ ಉಪ್ಪೇ. ಕಳ್ಳಿಯಾಗಿದ್ದರೆ ಬೈಯಬಹುದಿತ್ತು, ಈ ಸಿಟ್ಟನ್ನೆಲ್ಲ ಒಂದೇ ಉಸುರಿಗೆ ಅವಳ ಮೇಲೆ ಕಕ್ಕಬಹುದಿತ್ತು, ಅವಳು ನೋಡಿದರೆ, ಯಾಕ್ರಿ ಅಣ್ಣಾ, ಕಡಿಮಿ ಬಿದ್ದೇತೇನು, ಇನ್ನೊಂದು ಕೊಡಾ ತುಂಬಲೇನು, ಅನ್ನುತ್ತಾಳೆ. ಬ್ಯಾಡ, ತಾಯೀ, ಬ್ಯಾಡ, ಇನ್ನ ಒಂದು ಹನಿ ಬ್ಯಾಡ — ಅವನು ಕೂಗಿದ ರಭಸಕ್ಕೆ ಅವಳ ಕೈಯ ಹಗ್ಗ ಜಾರಿ ಕೊಡ ದಡದಡ ಬಾವಿಗಿಳಿಯಿತು. ಯಾಕೆ ಅಂತ ಹೇಳಿದ, ನಾಲ್ಕೇ ಮಾತಿನಲ್ಲಿ, ಉಪ್ಪು, ಸೀಸ, ಇಪ್ಪತ್ತೆರಡು ಡಬ್ಬಿ, ಇವತ್ತಿನ ಆಣೆ. ಆಗ ಹೆದರಿದಳು. ಸೆರಗು ಬಾಯಿಗೆ ತುರುಕಿಕೊಂಡು ಅಲ್ಲೇ ಕೂತುಬಿಟ್ಟಳು, ಅದನ್ನು ನೋಡಿ ಅವನ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ, ಹೋಗುವ ಜಾಗವಿಲ್ಲದೆ ತಿರುಗಿ ತನ್ನೆದೆಗೇ ಬಂತು.

ದಸ್ತಗೀರಾ, ಅವ್ವಾರು ಕರ್ಯಾಕತ್ತಾರ — ಶಾಂತಯ್ಯನ ದನಿ, ಸಕ್ಕರೆ ತಿಂದವನ ದನಿ, ನಾಲ್ಕೂ ಸೋಮವಾರ ಅಯ್ಯಗಳ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಂಡವನೂ ಇವನೇ. ಪಡಸಾಲೆ, ಮೆಟ್ಟಿಲು, ಮೆಟ್ಟಿಲ ಕೆಳಗೆ ತನ್ನ ಜಾಗ, ಹತ್ತೊಂಬತ್ತು ವರ್ಷ ನಿಂತು ಸವೆದ ಫರಸಿ ಕಲ್ಲು. ಹೂಂ ಅಂದರೆ ಮುಗಿಯಿತು, ಆಣೆ ಇನ್ನೊಮ್ಮೆ ಮಾಡಿದರೆ ಮನೆ ಉಳಿಯುತ್ತದೆ, ಕೆಲಸ ಉಳಿಯುತ್ತದೆ, ಮುರಿಗೆವ್ವ ನಂಬುತ್ತಾರೆ, ನಂಬುತ್ತೇನೆ ಅಂದಿದ್ದಾರೆ, ಆ ನಂಬಿಕೆಯ ಮೇಲೇ ಸಿಟ್ಟು ಬರುತ್ತದೆ, ಬೈದಿದ್ದರೆ ಸುಲಭವಿತ್ತು. ಇಲ್ಲವೇ ಮುಷ್ಟಿ ಬಿಚ್ಚಿದರಾಯಿತು, ಬೇಳೆಯೇ ಮಾತಾಡುತ್ತದೆ, ನಿಮ್ಮ ಅಡಿಗಿ ಮನ್ಯಾಗಿಂದ ಬಂದದ್ದರಿ ಇದು, ಅಷ್ಟೇ ಸಾಕು, ಶಾಂತಯ್ಯನ ಬಾಯಿ ಹೊಲಿದ ಹಾಗಾಗುತ್ತದೆ, ಸಾಬ ಹಿಡಿದ ನೀರಿನ ಹೂರಣ ಅಯ್ಯಗಳಿಗೆ ಬಡಿಸಿದೆವಲ್ಲ ಅಂತ ವಾಡೆಯೆಲ್ಲ ತಲೆ ತಲೆ ಬಡಿದುಕೊಳ್ಳುತ್ತದೆ, ಬಡಿದುಕೊಳ್ಳಲಿ, ಆಹಾ ಬಡಿದುಕೊಳ್ಳಲಿ — ಮತ್ತೆ ಸಂಜೆಯೊಳಗೆ ಗೇಟಿನಾಚೆ ಒಂದು ಗಂಟು ಹಿಡಿದು ಅವಳು. ಹೇಳು ದಸ್ತಗೀರಾ, ಅಂದರು ಮುರಿಗೆವ್ವ, ಆಣಿ ಮಾಡ್ತೀಯೇನು. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಸೆರಗಿನ ಅಂಚು ಕಂಡಿತು, ಅಲುಗಾಡುತ್ತಿಲ್ಲ. ಇಲ್ಲರಿ ಅವ್ವಾರ, ಅಂದಿತು ತನ್ನದೇ ಬಾಯಿ, ಮೊನ್ನಿ ಮಾಡಿದ ಆಣಿ ಸುಳ್ಳಾತ್ರಿ, ಬಾಗಲ ಕಡೇ ಭರಣ್ಯಾಗ ಸವಳ ನೀರೈತ್ರಿ, ರುಚಿ ನೋಡದನ ಈ ಕೈಲೇ ಒಂದು ತಿಂಗಳು ಹಾಕೇನಿ. ನಾ ಹೇಳಿದ್ದಿಲ್ಲೇನ್ರಿ, ಅಂತ ಶಾಂತಯ್ಯ ಕುಣಿದ, ನೀ ಸುಮ್ನಿರು ಅಂದರು ಅವರು, ಕಣ್ಣು ಇವನ ಮೇಲಿಂದ ತೆಗೆಯದೆ, ಭರಣ್ಯಾಗ ಸವಳು ತಾನ ಹುಟ್ಟೂದಿಲ್ಲೋ, ಯಾರು ತುಂಬಿದ್ರು ಹೇಳು. ನೀರಿಗೆ ಕಾವಲಿದ್ದಾವ ನಾನರಿ, ಮತ್ತ್ಯಾರ ಹೆಸರೂ ಕೇಳಬ್ಯಾಡ್ರಿ. ಎಡಗೈ ಕೀಲಿಯನ್ನು ಮೆಟ್ಟಿಲ ಮೇಲಿಟ್ಟಿತು. ಆ ಬಲಗೈಯಾಗ ಏನು ಹಿಡದಿ, ಅಂದರು ಮುರಿಗೆವ್ವ. ಏನಿಲ್ಲ, ಏನೂ ಇಲ್ಲ, ಬೆರಳುಗಳು ಬಿಚ್ಚುತ್ತಿಲ್ಲ, ಬೆಣ್ಣೆ ಆಗೇತಿ ನೋಡು ಅಂದಿದ್ದ, ಮೇಲೊಂದು ಚರಿಗೆ ಅಂದಿದ್ದಳು, ಎಲ್ಲ ಇದೇ ಅಂಗೈಯಲ್ಲಿ, ಉಗುರಿನಷ್ಟು, ಹಳದಿ — ಬೇಳೆ, ಒಂದು ಕಡಲೆಬೇಳೆ, ನೆನೆದದ್ದು, ಬೇಯದ್ದು.