ಬೋಳು ಮಗ್ಗ

ದೊಡ್ಡಬಳ್ಳಾಪುರದ ಹವಾಮಾನ ಮತ್ತು ಇಂಧನ ವಸ್ತುಪ್ರದರ್ಶನದಲ್ಲಿ ಬಿಸಿಲಿನ ಕರೆಂಟಿನಿಂದ ಓಡಿಸಿ ತೋರಿಸಲೆಂದು ಲಕ್ಷ್ಮೀದೇವಮ್ಮ ತೀರಿಹೋದ ಗಂಡನ ಮಗ್ಗವನ್ನು ಕೊಟ್ಟಿದ್ದಳು. ನೇಕಾರರು ನೇಯ್ದ ಸೀರೆಯನ್ನು ಕತ್ತರಿಸಿ ಇಳಿಸಿದರೂ ಹಾಸಿನ, ಅಂದರೆ ಉದ್ದಕ್ಕೆ ಹಾಯುವ, ಎಳೆಗಳ ತುದಿಯನ್ನು ಮಗ್ಗದಲ್ಲೇ ಉಳಿಸುತ್ತಾರೆ. ಹೊಸ ಹಾಸನ್ನು ಅದಕ್ಕೇ ಗಂಟು ಹಾಕಬೇಕು. ಗಂಡ ಬಿಟ್ಟುಹೋದ ಎಳೆ ಇಲ್ಲಿಯಾದರೂ ಮುಂದುವರಿಯಲಿ ಎಂದೇ ಅವಳು ಒಪ್ಪಿದ್ದು. ಬಂದು ನೋಡಿದರೆ ಮಗ್ಗ ಬಣ್ಣ ಬಳಿದುಕೊಂಡು, ನೂಲಿಲ್ಲದೆ ಬರಿದೇ ಬಡಿಯುತ್ತಿತ್ತು.

“ಇದರಲ್ಲಿದ್ದ ಎಳೆಗಳು ಎಲ್ಲವ್ವ?” ಎಂದು ವಿವರಣೆ ಹೇಳುತ್ತಿದ್ದ ಹುಡುಗಿಯನ್ನು ಕೇಳಿದಳು.

“ಧೂಳು ಹಿಡ್ದಿತ್ತಜ್ಜಿ, ಕತ್ತರಿಸಿ ಬಿಸಾಕ್ಬಿಟ್ವಿ. ಈಗ ನೀಟಾಗೈತಲ್ವಾ?”

“ಹೂಂ ಕಣವ್ವ, ಚೆನ್ನಾಗೈತೆ.”

ಅತ್ತ ವೇದಿಕೆಯಲ್ಲಿ ಭಾಷಣ ಶುರುವಾಯಿತು. ಲಕ್ಷ್ಮೀದೇವಮ್ಮ ಸೆರಗಿನಿಂದ ಒಂದು ಎಳೆ ಕಿತ್ತಳು. ಗಂಟು ಹಾಕಲು ಇನ್ನೊಂದು ತುದಿಯಿಲ್ಲದೆ, ಅದನ್ನು ಬೆರಳಿಗೇ ಸುತ್ತಿಕೊಂಡು ಕೂತಳು.